ನಾರುಬಟ್ಟೆ ಹೊದ್ದ ಯಂತ್ರ

"ಇದನ್ನು ಮಾಡಿದ್ದು ಯಾರು?" ಎಂದು ಯಾರಾದರೂ ಎಲ್ಲರೆದುರು ಕೇಳಿಬಿಟ್ಟರೆ ನನ್ನ ಬಾಯಿಂದ "ನಾನು" ಎನ್ನುವ ಮಾತು ಹೊರಡುತ್ತದೆಯೋ ಇಲ್ಲವೋ ಎಂಬುದೇ ಆ ದಿನಗಳಲ್ಲಿ ನನ್ನನ್ನು ಕೊರೆಯುತ್ತಿದ್ದ ಚಿಂತೆ. ಯಾರಿಗಾದರೂ ಹೇಳಿಕೊಳ್ಳುವಂಥದ್ದಲ್ಲ. ದಿನಚರಿಯಲ್ಲಿ ಬರೆದೆ, ನಾಚಿಕೆಯಾಗಿ ಹೊಡೆದುಹಾಕಿದೆ, ಮರುದಿನ ಮತ್ತೆ ಅದನ್ನೇ ಬರೆದೆ. ಪದವಿ ಮುಗಿಸಿ ದ್ವೀಪಕ್ಕೆ ಮರಳಿದವಳು ಕನ್ನಡಿಯ ಮುಂದೆ ನಿಂತು "ನಾನು, ನಾನು" ಎಂದು ಅಭ್ಯಾಸ ಮಾಡುತ್ತಾಳೆಂದರೆ ಯಾರು ತಾನೇ ನಗುವುದಿಲ್ಲ?

ಆ ಸೋಮವಾರ ಬೆಳಿಗ್ಗೆ ಊರಿನ ಅಧಿಕಾರಿ ಇಸಿಲೇಲಿ ನಮ್ಮ ಅಂಗಳಕ್ಕೆ ಬಂದಾಗ ನನ್ನ ಸೋದರತ್ತೆ ಮೆಲೇನೈಟೆ ಬ್ರೆಡ್‌ಫ್ರೂಟ್ ಮರದ ಕೆಳಗೆ ಕೂತು ಮರದ ತೊಗಟೆಯ ನಾರು ಕುಟ್ಟುತ್ತಿದ್ದರು. ನಾರು ಬಡಿದು ಬಡಿದು ಬಟ್ಟೆಯಾಗುತ್ತದೆ. ಬಡಿಯುತ್ತ ಬಡಿಯುತ್ತ ಅತ್ತೆಯ ಯೋಚನೆಯೂ ಹದಕ್ಕೆ ಬರುತ್ತದೆ. ಹಿಂದೊಮ್ಮೆ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದರು. ದ್ವೀಪದ ಅರ್ಧ ಗುಟ್ಟು ಅವರ ಕಿವಿಗೆ ಬಿದ್ದಿತ್ತು, ಒಂದೂ ಬಾಯಿಂದ ಹೊರಬಿದ್ದಿರಲಿಲ್ಲ. ಅದಕ್ಕೇ ಊರಿನಲ್ಲಿ ಹಂದಿ ತಪ್ಪಿಸಿಕೊಂಡರೂ, ಮದುವೆಯ ಚಾಪೆ ಕಾಣೆಯಾದರೂ ಜನ ಪೊಲೀಸರ ದೋಣಿಗೆ ಕಾಯದೆ ನೇರವಾಗಿ ನಮ್ಮ ಮನೆಗೆ ಬರುತ್ತಿದ್ದರು.

"ಮೆಲೇನೈಟೆ ಅಕ್ಕಾ, ಸ್ವಲ್ಪ ಆ ಕುಟ್ಟೋದು ನಿಲ್ಸಿ."

"ನಿನ್ನೆ ಭಾನುವಾರ ಅಂತ ಇಡೀ ದಿನ ಕೊಡತಿ ಮುಟ್ಟಿಲ್ಲ. ತಲೆ ತುಕ್ಕು ಹಿಡ್ದಿದೆ. ಕುಟ್ತಾನೇ ಕೇಳಿಸ್ಕೋತೀನಿ, ಹೇಳು."

"ಸಭಾಮಂದಿರದ ಕಂಪ್ಯೂಟರ್ ಸತ್ತೋಗಿದೆ. ಯಾರೋ ಬೇಕಂತ್ಲೇ ಮಾಡಿದಾರೆ. ಮೇಲೆ ಬಟ್ಟೆ ಬೇರೆ ಹೊದಿಸಿದಾರೆ, ಹೆಣಕ್ಕೆ ಹೊದಿಸ್ದಂಗೆ."

"ಕದ್ದಿರೋದೇನು?"

"ಏನೂ ಇಲ್ಲ."

ಕೊಡತಿ ಗಾಳಿಯಲ್ಲೇ ನಿಂತಿತು. "ಕದ್ದಿಲ್ಲ. ಹೊದಿಸಿದಾರೆ," ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎದ್ದು, ಹೊರಗೆ ಹೋಗುವಾಗ ಮರ್ಯಾದೆಗೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡರು. "ಕಲೋ, ನನ್ನ ಬೀಸಣಿಗೆ ತಗೊಂಡು ಬಾ. ಮುಖ ಯಾಕೆ ಹಾಗೆ ಬಿಳಿಚ್ಕೊಂಡಿದೆ? ಸತ್ತಿರೋದು ಕಂಪ್ಯೂಟರು, ನೀನಲ್ಲ."

ನನ್ನ ಮುಖ ಬಿಳಿಚಿಕೊಳ್ಳಲು ಕಾರಣವಿತ್ತು. ಆ ಕಂಪ್ಯೂಟರ್ ಆಕ್ಲೆಂಡಿನಲ್ಲಿರುವ ನಮ್ಮವರ ಚರ್ಚಿನಿಂದ ಹಡಗಿನಲ್ಲಿ ಬಂದದ್ದು. ಒಳಗಿದ್ದ ಹಳೆಯ ವ್ಯವಸ್ಥೆ ಅಕ್ಷರ ಒತ್ತಿದರೆ ಅಕ್ಷರ ಮೂಡಲು ಉಸಿರು ಬಿಗಿಹಿಡಿದು ಕಾಯಬೇಕಾದಷ್ಟು ಸುಸ್ತಾಗಿತ್ತು. ಅದನ್ನು ಅಳಿಸಿ, ಯಾರ ಅಪ್ಪಣೆಯೂ ಬೇಕಿಲ್ಲದೆ ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದ ಕೂರಿಸಿದವಳು ನಾನು. ಕೂರಿಸುವುದು ಸುಲಭ, ನಿಜವಾದ ಕೆಲಸ ಇರುವುದು ಆಮೇಲೆ. ಪ್ರಿಂಟರ್ ಪರಿಚಯ ಮಾಡಿಸಬೇಕು, ಸದ್ದು ಬರಿಸಬೇಕು, ನಮ್ಮ ನುಡಿಯ ಅಕ್ಷರ ಹೊಂದಿಸಬೇಕು, ಅಪ್‌ಡೇಟ್‌ಗಳನ್ನೆಲ್ಲ ಇಳಿಸಿಕೊಳ್ಳಬೇಕು. ಹೊಸ ಮನೆಗೆ ಬಂದ ಸೊಸೆಗೆ ಉಪ್ಪಿನ ಡಬ್ಬ ಎಲ್ಲಿದೆ, ಬಾವಿ ಎಲ್ಲಿದೆ ಎಂದು ತೋರಿಸಿಕೊಟ್ಟ ಹಾಗೆ.

ಆದರೆ ಊರಿಗೆಲ್ಲ ಇದು ಲಿಸಿಯಾಟೆಯ ಕೆಲಸವಾಗಿತ್ತು. ಲಿಸಿಯಾಟೆ ನನ್ನ ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಹರಟುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ನಾನು ಒಳಗೆ ಕೆಲಸ ಮಾಡುವಾಗ ಅವನು ಹೊರಗೆ ಕಿಟಕಿಗೆ ಬೆನ್ನು ಹಾಕಿ ನಿಂತಿರುತ್ತಿದ್ದ. ಕೇಳಿದ ತಂತಿ, ತಿರುಪುಗಳನ್ನು ಹಿಂದೆ ತಿರುಗದೆಯೇ ಕಿಟಕಿಯ ಪಟ್ಟಿಗಳ ಸಂದಿನಿಂದ ಕೊಡುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದವನು ಅವನು. "ಏನಪ್ಪಾ ನಡೀತಿದೆ?" ಎಂದರೆ ಉತ್ತರ ಹೇಳುತ್ತಿದ್ದವನೂ ಅವನೇ. ಪೆನ್‌ಡ್ರೈವನ್ನು ದಾರಕ್ಕೆ ಪೋಣಿಸಿ ತಿಮಿಂಗಿಲದ ಹಲ್ಲಿನ ಹಾರದಂತೆ ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ. ಊರಿನವರ ಆ ತಪ್ಪು ತಿಳಿವಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ.

ಆದರೆ ಆ ಸೋಮವಾರ ಸಂಜೆಯ ಊರಸಭೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಒಬ್ಬರನ್ನು ನೇಮಿಸುವುದಿತ್ತು. ಆ ಕೆಲಸ ನನಗೆ ಎಷ್ಟು ಬೇಕಾಗಿತ್ತೆಂದರೆ, ಬೇಕು ಎಂದು ಹೇಳುವುದನ್ನು ನೆನೆಸಿಕೊಂಡರೆ ಹೇಳದೆ ಇರುವುದೇ ಸುಲಭ ಅನ್ನಿಸುತ್ತಿತ್ತು.

ಸಭಾಮಂದಿರ ಚರ್ಚಿನ ದಾರಿಗೆ ಮುಖ ಮಾಡಿ ನಿಂತಿದೆ. ಅದಕ್ಕೆ ಬೀಗವೆಂಬುದಿಲ್ಲ. ಜಗಲಿಯ ಮೇಲೆ ಚರ್ಚಿನ ದೊಡ್ಡ ಮರದ ನಗಾರಿ ಇತ್ತು; ಅದರ ಸ್ವಂತ ಚಪ್ಪರ ಚಂಡಮಾರುತಕ್ಕೆ ಹಾರಿಹೋದ ಮೇಲೆ ನಮ್ಮ ಗಾಯನ ಮೇಳದ ಗುರು ಮೋಸೇಸೆ ತಾತ ಬೆಳಗಿನ ಜಾವದ ಪ್ರಾರ್ಥನೆಗೆ ಅಲ್ಲಿಂದಲೇ ನಗಾರಿ ಬಾರಿಸುತ್ತಿದ್ದರು. ಅವರು ಅಂದೂ ನಗಾರಿಯ ಪಕ್ಕದಲ್ಲೇ ಕೂತಿದ್ದರು, ಮುಖ ಬಾಡಿಸಿಕೊಂಡು. ಒಳಗೆ ಅಂಗಡಿಯ ಸಿಯೋಸಿಫಾ ಇದ್ದ. ಊರಿಗೆ ಬ್ರೆಡ್ ಸುಡುವವನೂ ಅವನೇ. ಮೊಣಕೈವರೆಗೆ ಮೈದಾ ಹಿಟ್ಟು.

"ನೋಡಿ ಅಕ್ಕಾ," ಎಂದ ಸಿಯೋಸಿಫಾ, "ಪುಕ್ಕಟೆ ಸಿಕ್ಕಿದ್ದನ್ನ ತುಂಬಿದ್ರೆ ಇದೇ ಗತಿ. ನಾನು ಮೊದ್ಲೇ ಹೇಳ್ದೆ, ನನ್ ಅಂಗಡಿಗೆ ಒಂದು ಹೊಸದು ತರಿಸ್ತೀನಿ, ಬೇಕಾದೋರು ಅಲ್ಲೇ ಬರ್ಲಿ ಅಂತ."

"ನೀನು ಮೊದ್ಲು ಕೈ ತೊಳ್ಕೊಂಡು ಬಾ. ನಿನ್ನ ನೋಡಿದ್ರೆ ಬ್ರೆಡ್ಡೇ ಎದ್ದು ನಡ್ಕೊಂಡು ಬಂದಂಗಿದೆ," ಎಂದರು ಅತ್ತೆ.

ಇಸಿಲೇಲಿ ಗಂಟಲು ಸರಿಮಾಡಿಕೊಂಡ. "ಸಂಜೆ ಸಭೆ ಹೊತ್ತಿಗೆ ಇದು ಎದ್ರೆ ಸರಿ ಅಕ್ಕಾ. ಇಲ್ದಿದ್ರೆ ಸಿಯೋಸಿಫಾ ಹೇಳ್ದಂಗೇ ಆಗ್ಲಿ. ನೋಡ್ಕೊಳ್ಳೋ ಕೆಲ್ಸಾನೂ ಅವನಿಗೇ."

ಕಿಟಕಿಯ ಹೊರಗೆ ಲಿಸಿಯಾಟೆಯ ಬೆನ್ನು ಕಾಣುತ್ತಿತ್ತು. ಅದು ಕುಗ್ಗಿದ ಹಾಗಿತ್ತು.

ಅತ್ತೆ ಮೇಜಿನ ಸುತ್ತ ಒಂದು ಸುತ್ತು ಬಂದರು. ಪರದೆಯ ಮೇಲೆ ಹಳೆಯ ನಾರುಬಟ್ಟೆಯ ತುಂಡೊಂದನ್ನು ಹೊದಿಸಲಾಗಿತ್ತು. ಎಸೆದದ್ದಲ್ಲ, ಅಂಚುಗಳನ್ನು ಎರಡೂ ಬದಿಯಿಂದ ಒಳಗೆ ಮಡಚಿ, ಸಮುದ್ರದ ಉಪ್ಪುಗಾಳಿ ನುಗ್ಗದಂತೆ ಸಿಕ್ಕಿಸಿದ್ದರು. ಕುರ್ಚಿಯನ್ನು ಮೇಜಿನ ಕೆಳಗೆ ನೆಟ್ಟಗೆ ಸರಿಸಿದ್ದರು. ಗೋಡೆಯ ಸ್ವಿಚ್ ಆರಿಸಿದ್ದರು, ಪ್ಲಗ್ ಮಾತ್ರ ಅಲ್ಲೇ ಇತ್ತು. ಕಪ್ಪು ಸ್ವಿಚ್ಚಿನ ಮೇಲೆ ಬಿಳಿಯ ಬೆರಳಿನ ಗುರುತು. ನಾರುಬಟ್ಟೆಯ ಅಂಚಿನಲ್ಲೂ ಅಂಥದೇ ಬಿಳಿ.

"ಹಿಟ್ಟು!" ಎಂದ ಇಸಿಲೇಲಿ, ಸಿಯೋಸಿಫಾನ ಕೈ ನೋಡುತ್ತ.

"ನಂದಾ? ಹೆಂಗಸ್ರು ನಾರುಬಟ್ಟೆ ಅಂಟ್ಸೋ ಗಂಜೀನೂ ಬಿಳೀನೇ," ಎಂದು ಸಿಯೋಸಿಫಾ ತಿರುಗಿಬಿದ್ದ. "ಈ ಜಾಗ ಬಟ್ಟೆ ಹಾಸೋಕೆ ಬೇಕು ಅಂತ ಹೆಂಗಸ್ರ ಸಂಘದೋರು ಮೊನ್ನೆ ಜಗಳ ಆಡಿರ್ಲಿಲ್ವಾ? ಆ ಸಂಘಕ್ಕೆ ಅಧ್ಯಕ್ಷರು ಯಾರು, ಅಕ್ಕಾ?"

"ನಾನೇ," ಎಂದರು ಅತ್ತೆ ಸಂತೋಷದಿಂದ. "ನನ್ನನ್ನೂ ಅನುಮಾನಿಸ್ಬೇಕು, ಬಿಡಬಾರ್ದು." ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿ ಆ ಬಿಳಿಯನ್ನು ಒತ್ತಿದರು. ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಅದು ಅಂಟಲಿಲ್ಲ, ಎಳೆಯೂ ಆಗಲಿಲ್ಲ. ಮರಳಿನಂತೆ ತರಿತರಿಯಾಗಿ ಉದುರಿತು. ಅತ್ತೆ ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಬಟ್ಟೆ ಎತ್ತಿ ಸ್ವಿಚ್ ಹಾಕಿ ನೋಡಿದರು. ಕಪ್ಪು ಪರದೆಯ ಮೇಲೆ ಒಂದು ಗೆರೆ ಮಿಣುಕಿತು, ಅಷ್ಟೇ.

ಹೊರಗೆ ಬಂದಾಗ ಮೋಸೇಸೆ ತಾತ ತಲೆಯೆತ್ತಿದರು. ಈ ಯಂತ್ರವನ್ನು ಅವರಷ್ಟು ಆಸೆಯಿಂದ ಕಾದವರು ಇಲ್ಲ. ನಮ್ಮ ಕಡೆ ಹಾಡುಗಳ ಸ್ವರಗಳನ್ನು ಅಂಕಿಗಳಲ್ಲಿ ಬರೆಯುತ್ತಾರೆ. ತಾತ ಅವನ್ನು ಕರಿಹಲಗೆಯ ಮೇಲೆ ಬರೆದು ಬರೆದು ತೋಳು ನೋಯಿಸಿಕೊಂಡಿದ್ದರು. ಮುಂಬರುವ ಚರ್ಚ್ ಸಮ್ಮೇಳನಕ್ಕೆ ಮೇಳದ ಪ್ರತಿಯೊಬ್ಬರ ಕೈಯಲ್ಲೂ ಅಚ್ಚು ಮಾಡಿದ ಹಾಳೆ ಇರಬೇಕೆಂಬುದು ಅವರ ಕನಸು.

"ಬದುಕುತ್ತಾ, ಮೆಲೇನೈಟೆ?"

"ನೋಡೋಣ, ಮೋಸೇಸೆ."

"ಪಾಪ," ಎಂದರು ತಾತ. "ಬಿಡುವಿಲ್ದೆ ದುಡಿದ್ರೆ ಯಾರಿಗಾದ್ರೂ ಹಾಗೇ ಆಗೋದು." ಅವರು ಯಾರನ್ನೂ ದೂರಲಿಲ್ಲ. ಅಂದು ಊರಿನಲ್ಲಿ ಯಾರನ್ನೂ ದೂರದಿದ್ದವರು ಅವರೊಬ್ಬರೇ.

ಮನೆಯ ದಾರಿಯಲ್ಲಿ ಅತ್ತೆ ಬೀಸಣಿಗೆಯಿಂದ ನನ್ನ ಭುಜಕ್ಕೆ ತಟ್ಟಿದರು.

"ಈಗ ಹೇಳು. ಸತ್ತಿದ್ದು ಹೇಗೆ?"

"ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ನಿಲ್ಸಿದ್ದಾರೆ ಅತ್ತೆ. ಮೂಲ ಭಾಗಾನೇ ಹಳೇದು ತೆಗೆದು ಹೊಸದು ಹಾಕ್ತಿತ್ತು. ಈಗ ಹಳೇದೂ ಇಲ್ಲ, ಹೊಸದೂ ಇಲ್ಲ. ಕಪ್ಪು ಪರದೆ ಮೇಲೆ ಒಂದು ಗೆರೆ ಮಿಣಕ್ ಮಿಣಕ್ ಅಂತಿದೆ, ಅಷ್ಟೇ."

"ಇದೇ ಮೊದಲ?"

ನಾನು ತಲೆ ತಗ್ಗಿಸಿದೆ. "ಅಲ್ಲ. ಹಿಂದಿನ ಭಾನುವಾರ ಕೂಡ ಹೀಗೇ ಆಗಿತ್ತು. ಆಗ ಬಟ್ಟೆ ಇರ್ಲಿಲ್ಲ. ಕರೆಂಟ್ ಹೋಗಿ, ಆಮೇಲೆ ಯಾರೋ ಸ್ವಿಚ್ ಆರಿಸಿರ್ಬೇಕು ಅನ್ಕೊಂಡು ಎಲ್ಲಾ ಮೊದಲಿಂದ ಕೂರಿಸ್ದೆ."

"ವಾರದ ಮಧ್ಯೆ?"

"ಗುರುವಾರ ಇಡೀ ಹೊತ್ತು ಚಾಲೂ ಬಿಟ್ಟಿದ್ದೆ. ಏನೂ ಆಗ್ಲಿಲ್ಲ. ಸಣ್ಣ ಪುಟ್ಟದ್ದೆಲ್ಲ ಚೆನ್ನಾಗೇ ಇಳೀತು."

"ದೊಡ್ಡದನ್ನ ಭಾನುವಾರಕ್ಕೇ ಯಾಕೆ ಇಟ್ಕೊಂಡೆ?"

"ಇಂಟರ್ನೆಟ್ ಆಸ್ಪತ್ರೆಗೂ ಶಾಲೆಗೂ ನಮಗೂ ಒಂದೇ ಅಲ್ವಾ. ಭಾನುವಾರ ಯಾರೂ ಮುಟ್ಟಲ್ಲ, ಬೇಗ ಬರುತ್ತೆ. ಶನಿವಾರ ಸಂಜೆ ಶುರು ಮಾಡಿ, ನೆಲದ ಒಲೇಲಿ ಉಮು ಹೂತಿಟ್ಟು ಚರ್ಚಿಗೆ ಹೋಗಲ್ವಾ ನಾವು, ಹಾಗೆ ಬಿಟ್ಟು ಬಂದೆ."

ಅತ್ತೆ ನಡೆಯುತ್ತಿದ್ದವರು ನಿಂತರು. "ಪರದೆ ಉರೀತಿತ್ತಾ?"

"ಉರೀತಿತ್ತು. ಆರಿದ್ರೆ ಸತ್ತಿದೆ ಅನ್ಕೊಂಡು ಯಾರಾದ್ರೂ ಗುಂಡಿ ಒತ್ತಿಬಿಡ್ತಾರೆ ಅಂತ ಬೇಕಂತ್ಲೇ ಬಿಟ್ಟಿದ್ದೆ. ಅದ್ರ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಮಾತೂ ಬರ್ದಿದ್ದೆ. ಮೋಸೇಸೆ ತಾತನಂಥೋರಿಗೆ ಇಂಗ್ಲಿಷ್ ಬರಲ್ವಲ್ಲ. ನಮ್ಮ ಮಾತಲ್ಲೇ ಇರ್ಲಿ ಅಂತ."

"ಏನಂತ ಬರ್ದಿದ್ದೆ? ಇದ್ದದ್ದು ಇದ್ದಂಗೆ ಹೇಳು."

ಹೇಳಲು ನನಗೆ ಸಂಕೋಚವಾಯಿತು. ಆ ಯಂತ್ರವನ್ನು ನಾನು ಒಳಗೊಳಗೇ ಮಗುವಿನಂತೆ ಮಾತಾಡಿಸುತ್ತಿದ್ದೆ. "'ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ತಾಳಿ.'"

ಅತ್ತೆ ಬೀಸಣಿಗೆಯನ್ನು ಬಾಯಿಗೆ ಅಡ್ಡ ಹಿಡಿದರು. ನಗುತ್ತಿದ್ದರೋ, ಇನ್ನೇನೋ, ನನಗೆ ತಿಳಿಯಲಿಲ್ಲ. "ಅದನ್ನ ಬದುಕ್ಸೋಕೆ ಆಗುತ್ತಾ?"

"ಪೆನ್‌ಡ್ರೈವ್‌ನಿಂದ ಎಬ್ಬಿಸಿ, ನಿಂತ ಕೆಲಸ ಅಲ್ಲಿಂದಲೇ ಮುಗಿಸಿದ್ರೆ ಆಗಬಹುದು. ಆದ್ರೆ ಅದು ಅಣ್ಣನ ಕೊರಳಲ್ಲಿದೆ."

"ಕೊರಳಿಂದ ಇಳಿಸ್ತೀನಿ. ನೀನು ಹೋಗಿ ಬದುಕ್ಸು. ನಾನು ಅಷ್ಟರಲ್ಲಿ ಚರ್ಚಿಗೊಂದು ಸುತ್ತು ಹೋಗಿ ಬರ್ತೀನಿ."

"ಸೋಮವಾರ ಚರ್ಚಿಗಾ?"

"ದೇವರಿಗೆ ಸೋಮವಾರ ರಜಾನಾ?"

ಮಧ್ಯಾಹ್ನವೆಲ್ಲ ನಾನು ಸಭಾಮಂದಿರದಲ್ಲಿ ಕೂತೆ. ಕಿಟಕಿಯ ಸಂದಿಯಿಂದ ಪೆನ್‌ಡ್ರೈವ್ ಬಂತು, ದಾರದ ಸಮೇತ.

"ತಂಗಿ," ಎಂದಿತು ಲಿಸಿಯಾಟೆಯ ಬೆನ್ನು, ಬಹಳ ಮರ್ಯಾದೆಯಿಂದ, "ಇದು ಏಳದಿದ್ರೆ ತಪ್ಪೆಲ್ಲ ನಂದು ಅಂತ ಹೇಳ್ಬಿಡ್ತೀನಿ. ಊರಿಗೆಲ್ಲ ಹೇಗೂ ನಂದು ಅಂತಾನೇ ಗೊತ್ತಿರೋದು."

"ಬೇಡ ಅಣ್ಣ."

"ಎದ್ರೆ?"

ನಾನು ದಾರ ಬಿಚ್ಚಿ ಪೆನ್‌ಡ್ರೈವನ್ನು ಯಂತ್ರಕ್ಕೆ ಸಿಕ್ಕಿಸಿದೆ. ಅವನು ಎಳನೀರು ತರಲು ಹೋದ.

ಪೆನ್‌ಡ್ರೈವ್‌ನಿಂದ ಯಂತ್ರ ಕಣ್ಣು ಬಿಟ್ಟಿತು. ಅರ್ಧಕ್ಕೆ ನಿಂತಿದ್ದ ಕೆಲಸವನ್ನು ಹುಡುಕಿ, ಒಂದೊಂದೇ ಎಳೆ ಹಿಡಿದು ಮುಂದುವರಿಸಲು ಹೇಳಿದೆ. ಬಿಳಿಯ ಸಾಲುಗಳು ಮೇಲೆ ಮೇಲೆ ಸರಿಯತೊಡಗಿದವು. ಅದು ನನಗೆ ತುಂಬ ಇಷ್ಟವಾದ ನೋಟ. ಯಾರೂ ನೋಡದಿರುವಾಗ ನಾನು ಆ ಸಾಲುಗಳನ್ನು ಮೆಲ್ಲಗೆ ಓದುತ್ತೇನೆ. ಕೊನೆಗೆ ಪೆನ್‌ಡ್ರೈವ್ ತೆಗೆದು ಹೊಸದಾಗಿ ಚಾಲೂ ಮಾಡಿದಾಗ ಮಿಣುಕುವ ಗೆರೆಯ ಬದಲು ನಮ್ಮ ಕಡಲಿನ ಚಿತ್ರ ಮೂಡಿತು. ಪ್ರಿಂಟರ್ ಕೆಮ್ಮಿ, ಗೊಣಗಿ, ಮೋಸೇಸೆ ತಾತನ ಒಂದು ಹಾಡಿನ ಅಂಕಿಗಳನ್ನು ಹಾಳೆಯ ಮೇಲೆ ಇಳಿಸಿತು. ನಾನು ಆ ಬಿಸಿ ಹಾಳೆಯನ್ನು ಕೆನ್ನೆಗೆ ಒತ್ತಿಕೊಂಡೆ.

ಸಂಜೆ ಇಡೀ ಊರು ಸಭಾಮಂದಿರದ ಚಾಪೆಗಳ ಮೇಲೆ ಕೂತಿತ್ತು. ಮುಂದೆ ಗಂಡಸರು, ನಡುವೆ ಬೇರು ಅರೆದು ಮಾಡುವ ಕಾವಾ ಪಾನೀಯದ ಬಟ್ಟಲು. ಹಿಂದೆ ನಾವು ಹೆಂಗಸರು. ಕಾವಾ ತುಂಬಿದ ತೆಂಗಿನ ಚಿಪ್ಪುಗಳು ಕೈಯಿಂದ ಕೈಗೆ ಹೋದವು. ಉರಿಯುತ್ತಿದ್ದ ಪರದೆಯನ್ನು ಕಂಡು ಎಲ್ಲರೂ ಹೋ ಎಂದರು. ಸಿಯೋಸಿಫಾ ಮಾತ್ರ, "ಮುಂದಿನ ಭಾನುವಾರ ಮತ್ತೆ ಸಾಯುತ್ತೆ, ನೋಡ್ತಿರಿ," ಎಂದ.

"ಅವನು ಹೇಳಿದ್ದು ಸರಿ," ಎಂದರು ಅತ್ತೆ. ಅವರು ಗೋಡೆಗೆ ಒರಗಿ ಕೂತಿದ್ದರು. ಎದ್ದು ನಿಲ್ಲುವ ಅಗತ್ಯ ಅವರಿಗೆಂದೂ ಬಿದ್ದದ್ದಿಲ್ಲ. "ಯಾಕೆ ಸಾಯ್ತು ಅಂತ ಗೊತ್ತಾಗ್ದಿದ್ರೆ ಮತ್ತೆ ಸಾಯುತ್ತೆ. ಅದಕ್ಕೇ ಹೇಳ್ತೀನಿ, ಕೇಳಿ.

"ಮೊದ್ಲು ಹೊದಿಕೆ. ಕದಿಯೋನು ಹೊದಿಸ್ತಾನಾ? ಕೆಡಿಸೋನು ಅಂಚು ಮಡಚಿ ಸಿಕ್ಕಿಸ್ತಾನಾ? ನಾಳೆ ಬೆಳಿಗ್ಗೆ ಎದ್ದೇಳ್ಲಿ ಅಂತ ಮಲಗಿಸೋರು ಮಾತ್ರ ಹಾಗೆ ಹೊದಿಸೋದು. ಅಂದ್ರೆ ಇದನ್ನ ಮಾಡಿದೋರಿಗೆ ಯಂತ್ರದ ಮೇಲೆ ದ್ವೇಷ ಇಲ್ಲ, ಪ್ರೀತಿ ಇದೆ. ಸ್ವಿಚ್ ಆರಿಸಿದ್ರೆ ಅದು ಸಾಯುತ್ತೆ ಅಂತಾನೂ ಅವರಿಗೆ ಗೊತ್ತಿಲ್ಲ. ರೇಡಿಯೊ ಆರಿಸಿದ್ರೆ ಸಾಯಲ್ವಲ್ಲ."

"ನಾನಲ್ಲ ಅಂತಾಯ್ತು," ಎಂದ ಸಿಯೋಸಿಫಾ.

"ನಿನಗೆ ಅದ್ರ ಮೇಲೆ ಪ್ರೀತಿ ಇಲ್ಲ ಅಂತಾಯ್ತು. ಸುಮ್ನಿರು." ಸಭೆ ನಕ್ಕಿತು. "ಎರಡನೇದು, ಬಿಳಿ. ನಿನ್ನ ಮೈದಾ ಆಗಿದ್ರೆ ಒದ್ದೆ ಬೆರಳಿಗೆ ಅಂಟ್ತಿತ್ತು. ನಮ್ಮ ಗಂಜಿ ಆಗಿದ್ರೆ ಎಳೆ ಬರ್ತಿತ್ತು. ಇದು ತರಿತರಿ ಉದುರ್ತು. ಸೀಮೆಸುಣ್ಣ.

"ಮೂರನೇದು, ದಿನ. ಗುರುವಾರ ಇದೇ ಯಂತ್ರ ಹೀಗೇ ಉರೀತಾ ಕೂತಿತ್ತು, ಯಾರೂ ಮುಟ್ಲಿಲ್ಲ. ಎರಡು ಸಲಾನೂ ಆರಿಸಿದ್ದು ಭಾನುವಾರ. ಯಂತ್ರ ಬೇಡ ಅನ್ನೋರಿಗೆ ಯಾವ ದಿನವಾದ್ರೇನು? ಆದ್ರೆ ಭಾನುವಾರ ನಾವು ಬಟ್ಟೆ ಒಗೆಯಲ್ಲ, ಬಲೆ ಬೀಸಲ್ಲ, ನಾನು ಕೊಡತಿ ಮುಟ್ಟಲ್ಲ. ಅವತ್ತು ಕತ್ತಲು ಹರಿಯೋ ಹೊತ್ತಲ್ಲಿ, ಚರ್ಚಿಗೆ ಹೋಗೋ ದಾರಿ ಪಕ್ಕ, ಕಿಟಕಿ ಒಳಗೆ, ನಮ್ಮ ಮಾತಲ್ಲಿ ದೊಡ್ಡದಾಗಿ ಏನು ಬರ್ದಿತ್ತು ಗೊತ್ತಾ? 'ಕೆಲಸ ಮಾಡುತ್ತಿದ್ದೇನೆ' ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಕಾವಾ ಬಟ್ಟಲು ನಡುಗುವಷ್ಟು ನಗು. ಪಾದ್ರಿಗಳೂ ಕೆಮ್ಮಿನ ನೆಪದಲ್ಲಿ ಮುಖ ತಿರುಗಿಸಿಕೊಂಡರು. ನಾನು ಮಾತ್ರ ಚಾಪೆಯ ಹೆಣಿಗೆಯನ್ನೇ ನೋಡುತ್ತ ಕೂತೆ. ತಾತನಿಗೆ ಓದಲು ಬರಲೆಂದು ನಮ್ಮ ನುಡಿಯಲ್ಲಿ ಬರೆದಿದ್ದೆ. ಅದನ್ನು ಓದಿದ್ದಾರೆ. ಇಂಗ್ಲಿಷಿನಲ್ಲೇ ಬಿಟ್ಟಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

"ಇನ್ನು ಉಳಿದಿದ್ದು ಒಂದೇ ಪ್ರಶ್ನೆ," ಎಂದು ಅತ್ತೆ ಧ್ವನಿ ತಗ್ಗಿಸಿದರು. "ಭಾನುವಾರ ನಮ್ಮೆಲ್ಲರಿಗಿಂತ ಮೊದ್ಲು ಈ ಜಗಲಿಗೆ ಬರೋರು ಯಾರು? ಬರೋಕೆ ಮುಂಚೆ ಚರ್ಚಿನ ಹಲಗೆ ಮೇಲೆ ಅವತ್ತಿನ ಹಾಡುಗಳ ಅಂಕಿ ಬರೆದು, ಕೈಯಲ್ಲಿ ಸೀಮೆಸುಣ್ಣ ಮೆತ್ತಿಸ್ಕೊಂಡಿರೋರು ಯಾರು? ಮಧ್ಯಾಹ್ನ ಹೋಗಿ ಆ ಹಲಗೆ ಮುಟ್ಟಿ ನೋಡ್ದೆ, ಅದೇ ತರಿ. ಹೆಸ್ರು ನಾನು ಹೇಳಲ್ಲ."

ಹೇಳಬೇಕಾಗಿಯೂ ಇರಲಿಲ್ಲ. ಮೋಸೇಸೆ ತಾತ ನೆಲಕ್ಕೆ ಕೈಯೂರಿ ನಿಧಾನವಾಗಿ ಎದ್ದರು. ಮೇಳದ ಮುಂದೆ ನಿಂತಾಗ ಕಂಬದಂತಿರುವ ಮನುಷ್ಯ ಆ ಸಂಜೆ ಎಷ್ಟು ಚಿಕ್ಕದಾಗಿ ಕಂಡರು!

"ನಾನೇ ಕಣ್ರಪ್ಪಾ," ಎಂದರು. "ಆರಿಸಿದ್ರೆ ಅದು ಸಾಯುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ದೇವರಾಣೆಗೂ ಗೊತ್ತಿರ್ಲಿಲ್ಲ. ಮಲಗ್ಲಿ, ಸೋಮವಾರ ಎದ್ದೇಳುತ್ತೆ ಅನ್ಕೊಂಡೆ. ಮೊದಲ ವಾರ ಅವಸರದಲ್ಲಿ ಹಾಗೇ ಬಿಟ್ಟು ಹೋದೆ. ಎರಡನೇ ವಾರ ಪಾಪ ಅನಿಸ್ತು, ಮನೆಯಿಂದ್ಲೇ ಹೊದಿಕೆ ತಂದೆ."

"ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ, ತಾತಾ?" ಎಂದ ಇಸಿಲೇಲಿ.

ತಾತ ಪಾದ್ರಿಗಳ ಕಡೆಗೊಮ್ಮೆ ನೋಡಿ ಕಣ್ಣು ತಗ್ಗಿಸಿದರು. "ಹೇಳಿದ್ರೆ ಅದನ್ನ ಬರೆದೋರು ಭಾನುವಾರ ಕೆಲಸ ಹಚ್ಚಿದ್ರು ಅಂತ ಆಗ್ತಿತ್ತು. ಎಲ್ರ ಮುಂದೆ ಅವರ ಹೆಸರು ಬರ್ತಿತ್ತು. ನಮ್ಮ ಹಾಡಿಗೋಸ್ಕರ ಅಷ್ಟು ಕಷ್ಟಪಟ್ಟೋರು ತಲೆ ತಗ್ಗಿಸೋದು ಬೇಡ ಅನಿಸ್ತು. ಅದಕ್ಕೇ ಜನ ಬರೋಕೆ ಮುಂಚೆ ಆರಿಸ್ದೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಜಗಲಿಯ ಮೇಲೆ ನಗಾರಿಯ ಪಕ್ಕ ಕೂತಿರುತ್ತಿದ್ದ ತಾತನಿಗೆ ಕಿಟಕಿಯ ಹೊರಗಿನ ಬೆನ್ನಷ್ಟೇ ಅಲ್ಲ, ಒಳಗೆ ಕೂತವರೂ ಕಾಣುತ್ತಿದ್ದರು ಎಂಬುದು ನನಗೆ ಆಗಲೇ ಹೊಳೆದದ್ದು. ಅವರಿಗೆ ಗೊತ್ತಿತ್ತು. ಆದರೂ ಅವರು ಹೆಂಗಸರ ಸಾಲಿನ ಕಡೆ ಕಣ್ಣು ಹಾಯಿಸಲೇ ಇಲ್ಲ.

"ಕೂತ್ಕೋ ಮೋಸೇಸೆ," ಎಂದರು ಅತ್ತೆ. ಅವರ ದನಿಯಲ್ಲಿ ನಾನು ಎಂದೂ ಕೇಳಿರದ ಮೃದುತನವಿತ್ತು. "ಪಾದ್ರಿಗಳೇ, ಒಂದ್ಮಾತು ಕೇಳ್ತೀನಿ. ಭಾನುವಾರ ನಿಮ್ಮನೇಲಿ ಊಟ ಏನು?"

"ಎಲ್ರ ಮನೇದೇ," ಎಂದರು ಪಾದ್ರಿಗಳು ಎಚ್ಚರಿಕೆಯಿಂದ. "ಉಮು. ಕೆಸವಿನ ಎಲೇಲಿ ಕಟ್ಟಿ, ಕಾದ ಕಲ್ಲಿನ ಮೇಲಿಟ್ಟು, ಮಣ್ಣು ಮುಚ್ಚಿ ಬರ್ತೀವಿ."

"ನೀವು ಬೋಧನೆ ಮಾಡೋವಾಗ ಅದು ಒಳಗೆ ಬೇಯ್ತಾ ಇರುತ್ತೆ. ಅದು ಕೆಲಸಾನಾ?"

"ಅದು... ಬೇಯೋದು."

"ಅರ್ಧಕ್ಕೆ ಯಾರಾದ್ರೂ ಮಣ್ಣು ತೆಗೆದು ನೋಡಿದ್ರೆ?"

"ಹಸೀನೇ ತಿನ್ಬೇಕಾಗುತ್ತೆ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಮತ್ತೆ ನಗು ಎದ್ದಿತು. ಈ ಸಲ ಪಾದ್ರಿಗಳು ಮುಖ ತಿರುಗಿಸಿಕೊಳ್ಳಲಿಲ್ಲ.

"ಹಾಗಾದ್ರೆ," ಎಂದ ಇಸಿಲೇಲಿ ಮೊಣಕಾಲು ತಟ್ಟಿ, "ಆ ಮಾತು ತೆಗೆದು 'ಉಮು ಮುಚ್ಚಿದೆ, ತೆರೆಯಬೇಡಿ' ಅಂತ ಬರೀಲಿ. ಊರಲ್ಲಿ ಒಬ್ಬನೂ ಮುಟ್ಟಲ್ಲ. ಹೊದಿಕೇನೂ ಇರ್ಲಿ, ತಾತಂದು."

"ಹೊದಿಕೆ ಇರ್ಲಿ," ಎಂದರು ತಾತ, ಕಣ್ಣು ಒರೆಸಿಕೊಳ್ಳುತ್ತ. "ಭಾನುವಾರ ಅದೂ ಒಂದು ಒಳ್ಳೇ ಬಟ್ಟೆ ಹಾಕ್ಕೊಳ್ಳಿ."

"ಸರಿ. ಲಿಸಿಯಾಟೆ, ಬದಲಾಯಿಸಿ ಬರೀತೀಯೇನಪ್ಪಾ? ನೋಡ್ಕೊಳ್ಳೋ ಕೆಲಸಾನೂ ನಿನ್ನ ಹೆಸರಿಗೇ ಹಾಕ್ಲಾ?"

ಎಲ್ಲರ ಮುಖ ಬಾಗಿಲ ಬಳಿ ಕೂತಿದ್ದ ಅಣ್ಣನ ಕಡೆ ತಿರುಗಿತು. ಅವನ ಕೊರಳಿನಲ್ಲಿ ಪೆನ್‌ಡ್ರೈವ್ ಇರಲಿಲ್ಲ. ಅದು ನನ್ನ ಮುಷ್ಟಿಯೊಳಗಿತ್ತು, ಬೆವರಿನಲ್ಲಿ ಒದ್ದೆಯಾಗಿ. ಅವನು ನನ್ನತ್ತ ತಿರುಗಲಿಲ್ಲ, ಎಂದಿನಂತೆ ಬೆನ್ನು ತೋರಿಸಿ ಕೂತೇ ಹೇಳಿದ: "ನಾನು ಬರೀ ತಂತಿ ಹೊತ್ತೋನು. ಬರೆದಿದ್ದು ನಾನಲ್ಲ. ಯಾರು ಅಂತ ಹೇಳೋ ಹಕ್ಕೂ ನಂದಲ್ಲ."

"ಮತ್ತೆ ಮಾಡಿದ್ದು ಯಾರಪ್ಪಾ?" ಎಂದ ಇಸಿಲೇಲಿ ಬೆರಗಾಗಿ.

ಅತ್ತೆಯ ಬೀಸಣಿಗೆ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ, ಮೊಣಕೈಯಿಂದ ತಿವಿಯಲಿಲ್ಲ. ಎಷ್ಟೋ ಜನರ ಗುಟ್ಟು ಹೊತ್ತ ಆ ಬಾಯಿ ನನ್ನ ಗುಟ್ಟನ್ನೂ ನನಗೇ ಬಿಟ್ಟುಕೊಟ್ಟಿತ್ತು. ಮುಂದಿನ ಸಾಲಿನಲ್ಲಿ ಮೋಸೇಸೆ ತಾತ ಹಾಡು ಎತ್ತಿಕೊಳ್ಳುವವರಿಗೆ ಕಾಯುವಂತೆ, ತಲೆ ತುಸು ಓರೆ ಮಾಡಿ, ಕಾಯುತ್ತಿದ್ದರು.

ನಾನು ಎದ್ದು ನಿಂತೆ.

"ನಾನು," ಎಂದೆ. ಕನ್ನಡಿಯ ಮುಂದೆ ಹೇಳುತ್ತಿದ್ದುದಕ್ಕಿಂತ ಅದು ದೊಡ್ಡದಾಗಿ ಕೇಳಿಸಿತು. "ಮೊದಲಿಂದ ಕೊನೇವರೆಗೂ ಮಾಡಿದ್ದು ನಾನು. ಇದನ್ನ ನೋಡ್ಕೊಳ್ಳೋ ಕೆಲಸ ನನಗೇ ಬೇಕು."